ಕೇಳಿ ತೆಗೆದುಕೊಳ್ಳಿ, ಕನ್ನಡದಲ್ಲಿ ಕೇಳಿ

ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆ, ವರ್ಕ್‌ಶಾಪ್, ಗೋದಾಮುಗಳ ಮಾಲೀಕರಿಗೆ ಮತ್ತು ವ್ಯವಸ್ಥಾಪಕರಿಗೆ,

ನಾನು ಹುಬ್ಬಳ್ಳಿ-ಧಾರವಾಡದ ಸಣ್ಣ ಉದ್ದಿಮೆಗಳಿಗೆ ವೆಬ್‌ಸೈಟ್ ಮಾಡಿಕೊಡುವವನು, ಮಾಡಿದ್ದನ್ನು ನೋಡಿಕೊಳ್ಳುವವನು. ಈ ಪತ್ರದ ವಿಷಯ ಒಂದೇ. ನಿಮ್ಮ ಕಂಪನಿಯ ವೆಬ್‌ಸೈಟನ್ನು ಯಾರೋ ಒಬ್ಬರು ತಮ್ಮ ಮೊಬೈಲಿನಲ್ಲಿ ತೆರೆದಾಗ ಆ ಮೊಬೈಲಿನೊಳಗೆ ಏನೇನು ಇಡಲಾಗುತ್ತದೆ, ಅವರಿಂದ ಏನೇನು ಹೊರಗೆ ಹೋಗುತ್ತದೆ, ಅದಕ್ಕೆ ಅವರನ್ನು ನಾವು ನೆಟ್ಟಗೆ ಕೇಳಿದ್ದೇವೆಯೇ ಎಂಬುದು.

ನಿಮ್ಮಲ್ಲಿ ಯಾರೂ ಕೆಟ್ಟ ಉದ್ದೇಶದಿಂದ ಇದನ್ನು ಮಾಡಿದವರಲ್ಲ ಎಂದು ನನಗೆ ಗೊತ್ತಿದೆ. ಯಾರೋ ಒಬ್ಬರು ಸೈಟ್ ಮಾಡಿಕೊಟ್ಟರು. ನೀವು ನೋಡಿದಿರಿ, ಚೆಂದ ಕಂಡಿತು, ದುಡ್ಡು ಕೊಟ್ಟಿರಿ, ಮತ್ತೆ ನಿಮ್ಮ ಲೇತು, ಪ್ರೆಸ್ಸು, ಲೋಡಿಂಗಿನ ಕಡೆ ತಿರುಗಿದಿರಿ. ಆದರೆ ಮಾಹಿತಿಗೆ ಹೊಣೆ ಯಾರು ಎಂದು ಕೇಳಿದರೆ ಕಾನೂನು ಬೆರಳು ತೋರಿಸುವುದು ಸೈಟ್ ಮಾಡಿಕೊಟ್ಟವನ ಕಡೆಗಲ್ಲ, ನಿಮ್ಮ ಕಡೆಗೆ. ಅದಕ್ಕೇ ಈ ಪತ್ರ ನಿಮಗೆ.

ನಿಮ್ಮ ಸೈಟಿಗೆ ಬರುವವರು ಯಾರು ಎಂಬುದರಿಂದ ಶುರು ಮಾಡುತ್ತೇನೆ. ಚಿಗರಿ ಬಸ್ಸಿನಿಂದ ಲಕಮನಹಳ್ಳಿ ನಿಲ್ದಾಣದಲ್ಲಿ ಫೈಲು ಹಿಡಿದು ಇಳಿಯುವ ಹುಡುಗರನ್ನು ನೀವು ದಿನಾ ನೋಡುತ್ತೀರಿ. ಅವರು ನಿಮ್ಮ ಗೇಟಿಗೆ ಬರುವ ಮೊದಲೇ ನಿಮ್ಮ ಸೈಟಿಗೆ ಬಂದಿರುತ್ತಾರೆ. ಕಲಘಟಗಿಯ ಐಟಿಐ ಹುಡುಗ, ಅಳ್ನಾವರದ ಡಿಪ್ಲೊಮಾ ಮುಗಿಸಿದ ಹುಡುಗಿ, ಗದಗದ ಡೀಲರು, ಯಂತ್ರದ ಬಿಡಿಭಾಗ ಸಿಗುತ್ತದೋ ಇಲ್ಲವೋ ನೋಡಲು ಬಂದ ನವಲಗುಂದದ ರೈತ. ಇವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಕಂಪ್ಯೂಟರ್ ಅಲ್ಲ, ಮೊಬೈಲು. ಸೈಟ್ ತೆರೆದ ಕೂಡಲೇ ಪರದೆಯ ಅರ್ಧ ಭಾಗವನ್ನು ಮುಚ್ಚುವ ಒಂದು ಪಟ್ಟಿ ಮೇಲೆದ್ದು ಬರುತ್ತದೆ. ಪೂರ್ತಿ ಇಂಗ್ಲಿಷ್. ಎಲ್ಲದಕ್ಕೂ ಒಪ್ಪಿಗೆ ಎನ್ನುವ ಗುಂಡಿ ದೊಡ್ಡದು, ಹಸಿರು ಬಣ್ಣದ್ದು. ಬೇಡ ಎನ್ನಬೇಕಾದರೆ ಬೂದು ಬಣ್ಣದ ಸಣ್ಣ ಅಕ್ಷರಗಳನ್ನು ಹುಡುಕಿ, ಇನ್ನೊಂದು ಪುಟಕ್ಕೆ ಹೋಗಿ, ಅಲ್ಲಿ ಒಂದೊಂದಾಗಿ ಆರಿಸಬೇಕು. ಏನು ಮಾಡಿದಿರಿ ಎಂದು ಅವರನ್ನು ಕೇಳಿ ನೋಡಿ. "ಏನೋ ಬಂತ್ರಿ ಅಡ್ಡ, ಓಕೆ ಒತ್ತಿದೆ" ಅನ್ನುತ್ತಾರೆ. ಇದನ್ನು ಒಪ್ಪಿಗೆ ಎಂದು ಬರೆದಿಟ್ಟುಕೊಳ್ಳುವುದು ಸರಿಯಲ್ಲ.

ಆ ಪಟ್ಟಿ ಒಪ್ಪಿಗೆ ಕೇಳುವುದು ಹೆಚ್ಚಾಗಿ ಕುಕೀಗಳಿಗೆ. ಕುಕೀ ಅಂದರೇನು ಎಂಬುದನ್ನು ನಿಮ್ಮ ಗೇಟಿನ ಲೆಕ್ಕದಲ್ಲೇ ಹೇಳಬಹುದು. ವೆಬ್‌ಸೈಟಿಗೆ ಸ್ವಂತ ನೆನಪು ಇಲ್ಲ. ಒಬ್ಬರು ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದರೆ ಅದೇ ವ್ಯಕ್ತಿ ಬಂದಿದ್ದಾರೆ ಎಂದು ಸರ್ವರಿಗೆ ತಾನಾಗಿ ತಿಳಿಯುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಮಾಡಿದರು. ನಿಮ್ಮ ವಾಚ್‌ಮನ್ ಬಂದವರಿಗೆ ನಂಬರು ಹಾಕಿದ ಗೇಟ್‌ಪಾಸ್ ಕೊಡುವಂತೆ ಸರ್ವರು ಬ್ರೌಸರಿಗೆ ಒಂದು ಪುಟ್ಟ ಚೀಟಿ ಕೊಡುತ್ತದೆ. ಬ್ರೌಸರು ಅದನ್ನು ಇಟ್ಟುಕೊಂಡು, ಅದೇ ಸೈಟಿಗೆ ಹೋದಾಗಲೆಲ್ಲ ತೋರಿಸುತ್ತದೆ. ಆ ಚೀಟಿಯೇ ಕುಕೀ. ಗಾತ್ರ ಹೆಚ್ಚೆಂದರೆ ಸುಮಾರು 4 ಕೆಬಿ. ಲಾಗಿನ್ ಆದವರನ್ನು ಪುಟ ಬದಲಾದಾಗ ಮರೆಯದಿರಲು, ಬುಟ್ಟಿಗೆ ಹಾಕಿದ ಸಾಮಾನು ಮಾಯವಾಗದಿರಲು, ಕನ್ನಡ ಆರಿಸಿಕೊಂಡವರಿಗೆ ಮುಂದಿನ ಸಲವೂ ಕನ್ನಡವೇ ಕಾಣಲು ಇದು ಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಕೆಲಸ ಮುಗಿದ ಮೇಲೆ ಪಾಸ್ ವಾಪಸ್ ಕೊಟ್ಟಂತೆ, ಇಂಥ ಕುಕೀಗಳಲ್ಲಿ ಎಷ್ಟೋ ಬ್ರೌಸರ್ ಮುಚ್ಚಿದ ಕೂಡಲೇ ಅಳಿಸಿಹೋಗುತ್ತವೆ.

ತೊಂದರೆ ಇರುವುದು ಎರಡನೆಯ ಬಗೆಯಲ್ಲಿ. ನಿಮ್ಮ ಗೇಟಿನಲ್ಲಿ ನಿಮ್ಮ ವಾಚ್‌ಮನ್ ಪಕ್ಕದಲ್ಲೇ ಬೇರೆ ಯಾವುದೋ ಕಂಪನಿಯ ಆಳು ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನೆಲ್ಲ ತನ್ನ ಸ್ವಂತ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದಾನೆ ಎಂದುಕೊಳ್ಳಿ. ಅದೇ ಕಂಪನಿಯ ಆಳು ಪಕ್ಕದ ಕಾರ್ಖಾನೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನ ಬಾಗಿಲಲ್ಲಿ, ಕಾಲೇಜಿನ ಗೇಟಿನಲ್ಲೂ ಕೂತಿದ್ದಾನೆ. ಸಂಜೆ ಎಲ್ಲ ರಿಜಿಸ್ಟರುಗಳು ಒಂದೇ ಕಡೆ ಸೇರುತ್ತವೆ. ಯಾರು ಎಲ್ಲಿ ಹೋದರು, ಎಷ್ಟು ಹೊತ್ತು ನಿಂತರು, ಆಮೇಲೆ ಎಲ್ಲಿಗೆ ತಿರುಗಿದರು ಎಂಬುದೆಲ್ಲ ಅಲ್ಲಿ ಕೂಡುತ್ತದೆ. ನಿಜವಾದ ಗೇಟಿನಲ್ಲಿ ಇಂಥವನನ್ನು ನೀವು ಒಂದು ಗಳಿಗೆಯೂ ಕೂರಲು ಬಿಡುವುದಿಲ್ಲ. ವೆಬ್‌ಸೈಟಿನಲ್ಲಿ ಕೂರಿಸಿದ್ದೇವೆ, ಅದೂ ಒಬ್ಬನನ್ನಲ್ಲ.

ಅವರು ಒಳಗೆ ಬಂದದ್ದು ಹೇಗೆ? ಕಾರ್ಖಾನೆಗೆ ದಾರಿ ತೋರಿಸಲು ಹಾಕಿದ ನಕ್ಷೆಯ ಮೂಲಕ, ಯಂತ್ರ ಓಡುವುದನ್ನು ತೋರಿಸುವ ವಿಡಿಯೋದ ಮೂಲಕ, ಮೂಲೆಯಲ್ಲಿ ಪುಟಿಯುವ ಚಾಟ್ ಡಬ್ಬಿಯ ಮೂಲಕ, ಫೇಸ್‌ಬುಕ್‌ನ ಗುಂಡಿಯ ಮೂಲಕ. ಎಷ್ಟು ಜನ ಬಂದರು ಎಂದು ಎಣಿಸಲು ಹಾಕಿದ ಗೂಗಲ್ ಅನಲಿಟಿಕ್ಸ್ ತನ್ನ ಗುರುತಿನ ಕುಕೀಯನ್ನು ಸಾಮಾನ್ಯವಾಗಿ 2 ವರ್ಷದ ಅವಧಿಗೆ ಬರೆಯುತ್ತದೆ. ಕುಕೀ ಒಂದೇ ದಾರಿಯೂ ಅಲ್ಲ. ಪಿಕ್ಸೆಲ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವಿದೆ. ಪುಟ ತೆರೆದಾಗ ಅದು ಬೇರೆಯವರ ಸರ್ವರಿನಿಂದ ಬರುತ್ತದೆ, ಬರುವಾಗಲೇ ಇಂಥ ಪುಟವನ್ನು ಇಂಥ ಹೊತ್ತಿಗೆ ತೆರೆದರು ಎಂಬ ಸುದ್ದಿ ಅಲ್ಲಿಗೆ ಮುಟ್ಟಿರುತ್ತದೆ. ಬ್ರೌಸರಿನಲ್ಲೇ ಇನ್ನೂ ಹೆಚ್ಚು ಮಾಹಿತಿ ಇಡುವ ಲೋಕಲ್ ಸ್ಟೋರೇಜ್ ಎಂಬ ಜಾಗವಿದೆ. ಎಲ್ಲಕ್ಕಿಂತ ನನಗೆ ಕಸಿವಿಸಿಯಾಗುವುದು ಫಿಂಗರ್‌ಪ್ರಿಂಟಿಂಗ್ ಬಗ್ಗೆ. ಪರದೆಯ ಅಳತೆ, ಮೊಬೈಲಿನ ಮಾದರಿ, ಅದರಲ್ಲಿರುವ ಫಾಂಟುಗಳು, ಭಾಷೆ, ಸಮಯದ ವಲಯ ಇವನ್ನೆಲ್ಲ ಕೂಡಿಸಿ, ಏನನ್ನೂ ಇಡದೆಯೇ ಆ ಮೊಬೈಲನ್ನು ಮತ್ತೆ ಗುರುತು ಹಿಡಿಯುವ ವಿಧಾನ ಅದು. ಕುಕೀಯನ್ನಾದರೂ ಅಳಿಸಬಹುದು, ಇದನ್ನು ಅಳಿಸಲು ಅಲ್ಲಿ ಏನೂ ಇರುವುದಿಲ್ಲ.

ಸಫಾರಿ ಬ್ರೌಸರು 2020ರಿಂದ ಮೂರನೆಯವರ, ಅಂದರೆ ಹೀಗೆ ಹೊರಗಿನ ಕಂಪನಿಗಳು ಇಡುವ, ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2019ರಲ್ಲೇ ಹಿಂಬಾಲಿಸುವ ಕುಕೀಗಳನ್ನು ತಾನಾಗಿಯೇ ತಡೆಯಲು ಶುರು ಮಾಡಿತು. ಕ್ರೋಮ್ ಕೂಡ ಅವನ್ನು ತೆಗೆದುಹಾಕುತ್ತದೆ ಎಂದು ಗೂಗಲ್ 2020ರಲ್ಲಿ ಹೇಳಿತು, ಮುಂದೂಡುತ್ತ ಬಂದಿತು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ನಮ್ಮ ಕಡೆಯವರ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ರೋಮೇ. ಆದ್ದರಿಂದ ಬ್ರೌಸರೇ ನಮ್ಮ ಜನರನ್ನು ಕಾಯುತ್ತದೆ ಎಂದು ಸುಮ್ಮನಿರುವಂತಿಲ್ಲ.

ಈಗ ಕಾನೂನಿನ ಮಾತು. ಇದರ ಬೇರು ಕರ್ನಾಟಕದ್ದೇ ಎಂಬುದನ್ನು ಹೆಮ್ಮೆಯಿಂದ ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅದರ ಮುಂದುವರಿಕೆಯಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ಗಡುವು ಹಾಕಲಾಗಿದೆ.

ಕಾಯ್ದೆಯಲ್ಲಿ ಕುಕೀ ಎಂಬ ಹೆಸರು ಎಲ್ಲೂ ಬರುವುದಿಲ್ಲ. ಹಾಗಾಗಿ ನಮಗೆ ಸಂಬಂಧವಿಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಒಬ್ಬ ವ್ಯಕ್ತಿಯನ್ನು ಗುರುತಿಸಲು ಸಾಧ್ಯವಾಗಿಸುವ ಯಾವ ಮಾಹಿತಿಯೂ ಅದರ ವ್ಯಾಪ್ತಿಗೆ ಬರುತ್ತದೆ. ನಿಮ್ಮ ಅರ್ಜಿ ನಮೂನೆಯಲ್ಲಿ ಹುಡುಗ ತನ್ನ ಹೆಸರು, ಫೋನ್ ನಂಬರು ತುಂಬಿದ ಗಳಿಗೆಯಿಂದ ಅವನ ಬ್ರೌಸರಿನ ಕುಕೀ ನಂಬರಿಗೂ ಒಂದು ಹೆಸರು ಅಂಟಿಕೊಳ್ಳಬಲ್ಲದು. ಒಪ್ಪಿಗೆ ಪಡೆದು ಮಾಹಿತಿ ತೆಗೆದುಕೊಳ್ಳುವುದಾದರೆ ಆ ಒಪ್ಪಿಗೆ ಒತ್ತಾಯವಿಲ್ಲದ್ದಾಗಿರಬೇಕು, ಇಂಥದ್ದಕ್ಕೇ ಎಂದು ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ಪಡೆಯಲೂ ಬರಬೇಕು.

ನಾನು ಪತ್ರ ಬರೆಯಲು ಮುಖ್ಯ ಕಾರಣವಾದ ಮಾತು ಕಾಯ್ದೆಯ 5 ಮತ್ತು 6ನೆಯ ಸೆಕ್ಷನ್‌ಗಳಲ್ಲಿದೆ. ಏನು ತೆಗೆದುಕೊಳ್ಳುತ್ತೇವೆ, ಯಾಕೆ ಎಂದು ತಿಳಿಸುವ ಸೂಚನೆಯನ್ನೂ, ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆಯನ್ನು ಜನರಿಗೆ ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡ ಇದೆ. ನಿಮ್ಮ ಸೈಟಿಗೆ ಬಂದ ಕಲಘಟಗಿಯ ಹುಡುಗನಿಗೆ ಕನ್ನಡದಲ್ಲಿ ಓದಿ ಒಪ್ಪುವ, ಕನ್ನಡದಲ್ಲಿ ಓದಿ ಬೇಡ ಎನ್ನುವ ಹಕ್ಕನ್ನು ಸಂಸತ್ತು ಬರೆದು ಕೊಟ್ಟಿದೆ.

2024ರಲ್ಲಿ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ಬಂತು, ನಾಮಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂದಾಯಿತು. ಅದರಂತೆ ಗೇಟಿನ ಬೋರ್ಡು ಬರೆಸಿದಿರಿ, ಅದು ಒಳ್ಳೆಯದು. ಆದರೆ ಬೋರ್ಡು ಓದಲು ಬಾರದಿದ್ದರೆ ಒಬ್ಬನಿಗೆ ಕಾರ್ಖಾನೆ ಸಿಗದೆ ಒಂದಿಷ್ಟು ಅಲೆದಾಟವಾದೀತು. ಒಪ್ಪಿಗೆಯ ಪಟ್ಟಿ ಓದಲು ಬಾರದಿದ್ದರೆ ತಾನು ಏನು ಕೊಟ್ಟೆ ಎಂಬುದೇ ಅವನಿಗೆ ತಿಳಿಯುವುದಿಲ್ಲ. 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇರುವ ಊರು ನಮ್ಮದು. ಆಡಳಿತದಲ್ಲಿ, ಶಾಲೆಯಲ್ಲಿ, ಉದ್ಯೋಗದಲ್ಲಿ ಕನ್ನಡ ಬೇಕೆಂದು ಈ ಊರು ಬೀದಿಗೆ ಇಳಿದಿದೆ. ಮೊಬೈಲ್ ಪರದೆಯ ಮೇಲಿನ ಒಪ್ಪಿಗೆಯೂ ಆ ಪಟ್ಟಿಗೆ ಸೇರಬೇಕಾದ ವಿಷಯ.

ಇನ್ನೊಂದು ಸಂಗತಿಯನ್ನು ದಯವಿಟ್ಟು ನಿಧಾನವಾಗಿ ಓದಿ. ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ತೆಗೆದುಕೊಳ್ಳಬೇಕಾದರೆ ತಂದೆ-ತಾಯಿ ಅಥವಾ ಪೋಷಕರ, ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಅವರನ್ನು ಹಿಂಬಾಲಿಸುವಂತಿಲ್ಲ, ಅವರ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ಶಾಲೆ, ಆಸ್ಪತ್ರೆಯಂಥ ಕೆಲವರಿಗೆ ನಿಯಮಗಳು ಸೀಮಿತ ವಿನಾಯಿತಿ ಕೊಟ್ಟಿವೆ. ಅವುಗಳಲ್ಲಿ ಕಾರ್ಖಾನೆ ಇಲ್ಲ. ನಮ್ಮ ಕಾರ್ಖಾನೆಗಳಿಗೂ ಮಕ್ಕಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿದ ಹುಡುಗನಿಗೆ 16, 17 ವಯಸ್ಸು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಅಪಾಯಕಾರಿಯಲ್ಲದ ಉದ್ದಿಮೆಗಳಲ್ಲಿ 14 ವರ್ಷ ತುಂಬಿದವರು ಅಪ್ರೆಂಟಿಸ್ ಆಗಬಹುದು. ನಿಮ್ಮ ಸೈಟಿನ ಉದ್ಯೋಗದ ಪುಟಕ್ಕೆ ಆಸೆಯಿಂದ ಬರುವವರಲ್ಲಿ ಇಂಥವರು ಇದ್ದೇ ಇರುತ್ತಾರೆ. ಆ ಪುಟದಲ್ಲಿ ಜಾಹೀರಾತಿನ ಪಿಕ್ಸೆಲ್ ಇದ್ದರೆ ಅವನು ಕೆಲಸ ಹುಡುಕುತ್ತಿರುವವನು ಎಂಬ ಗುರುತು ಜಾಹೀರಾತು ಕಂಪನಿಯ ಕೈಗೆ ಹೋಗಬಲ್ಲದು. ಕೆಲಸವಿಲ್ಲದವರಿಗೆ ಸಾಲ ಕೊಡುವವರು, ದುಡ್ಡು ಕಟ್ಟಿಸಿಕೊಂಡು ನೌಕರಿ ಕೊಡಿಸುತ್ತೇವೆ ಎನ್ನುವವರು ಹುಡುಕುವುದು ಇಂಥ ಹುಡುಗರನ್ನೇ. ನಿಮ್ಮ ಗೇಟಿಗೆ ಬಂದ ಬಡವರ ಮಗನನ್ನು ನೀವು ನೀರು ಕೊಟ್ಟು ಕೂರಿಸುತ್ತೀರಿ. ಸೈಟಿಗೆ ಬಂದವನನ್ನು ಅಂಥವರ ಕೈಗೆ ಸಿಗುವಂತೆ ಬಿಡಬಾರದು.

ದಂಡದ ಮಾತನ್ನು ಬೇಗ ಮುಗಿಸುತ್ತೇನೆ. ನೀವು ಹೆದರಿ ಮಾಡಬೇಕೆಂಬುದು ನನ್ನ ಆಸೆಯಲ್ಲ. ಮಕ್ಕಳ ವಿಷಯದ ಉಲ್ಲಂಘನೆಗೆ 200 ಕೋಟಿ ರೂಪಾಯಿವರೆಗೆ, ಮಾಹಿತಿಗೆ ತಕ್ಕ ಭದ್ರತೆ ಇಡದಿದ್ದರೆ 250 ಕೋಟಿವರೆಗೆ, ಉಳಿದ ಸಾಮಾನ್ಯ ಉಲ್ಲಂಘನೆಗಳಿಗೆ 50 ಕೋಟಿವರೆಗೆ ದಂಡ ಹಾಕಲು ಅವಕಾಶವಿದೆ. ಇವು ಮೇಲಿನ ಮಿತಿಗಳು, ತಪ್ಪಿನ ತೂಕ ನೋಡಿ ನಿರ್ಧರಿಸುತ್ತಾರೆ. ಸಣ್ಣವರಿಗೆ ವಿನಾಯಿತಿ ಸಿಗುತ್ತದೆ ಎಂದು ಕೆಲವರು ಕಾಯುತ್ತಿದ್ದಾರೆ. ಕೆಲವು ವರ್ಗದ ಸಂಸ್ಥೆಗಳನ್ನು ಕೆಲವು ಸೆಕ್ಷನ್‌ಗಳಿಂದ ಬಿಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ನಿಜ. ಆದರೆ ಒಪ್ಪಿಗೆ ಹೇಗಿರಬೇಕೆಂದು ಹೇಳುವ 6ನೆಯ ಸೆಕ್ಷನ್ ಆ ಪಟ್ಟಿಯಲ್ಲಿಲ್ಲ. ಹಸಿರು ಗುಂಡಿ, ಬೂದು ಅಕ್ಷರದಂಥ ತಂತ್ರಗಳ ಮೇಲೂ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ 2023ರ ನವೆಂಬರಿನಿಂದಲೇ ಇದೆ. ಜನರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಅದು ಹೆಸರಿಸಿದೆ, ಬೇಕಾದದ್ದನ್ನು ಎತ್ತಿ ತೋರಿಸಿ ಬೇಡವಾದದ್ದನ್ನು ಮರೆಮಾಡುವುದು ಅದರಲ್ಲೊಂದು. ಕುಕೀ ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ಮಾಹಿತಿ ಸಂರಕ್ಷಣಾ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿತು. ನಿಮ್ಮಲ್ಲಿ ಯುರೋಪಿಗೆ ಮಾಲು ಕಳಿಸುವವರಿದ್ದರೆ ಅಲ್ಲಿನ ಖರೀದಿದಾರರು ಇದನ್ನು ಕೇಳುವ ದಿನ ದೂರವಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಕೇಳುವುದೇನು? ಮೊದಲು ನಿಮ್ಮ ಸೈಟನ್ನು ನೀವೇ ನೋಡಿ. ಕಂಪ್ಯೂಟರಿನಲ್ಲಿ ಖಾಸಗಿ ವಿಂಡೋ ತೆರೆದು ಸೈಟಿಗೆ ಹೋಗಿ, ಯಾವ ಗುಂಡಿಯನ್ನೂ ಒತ್ತಬೇಡಿ. ಎಫ್ 12 ಕೀಲಿ ಒತ್ತಿ, ಕ್ರೋಮ್‌ನಲ್ಲಾದರೆ ಅಪ್ಲಿಕೇಶನ್ ಎಂಬ ವಿಭಾಗದಲ್ಲಿ ಕುಕೀಗಳ ಪಟ್ಟಿ ನೋಡಿ, ನೆಟ್‌ವರ್ಕ್ ಎಂಬ ವಿಭಾಗದಲ್ಲಿ ನಿಮ್ಮದಲ್ಲದ ಎಷ್ಟು ವಿಳಾಸಗಳಿಗೆ ಸುದ್ದಿ ಹೋಗುತ್ತಿದೆ ನೋಡಿ. ಒಪ್ಪಿಗೆ ಕೊಡುವ ಮೊದಲೇ ಹೊರಗಿನವರ ಹೆಸರುಗಳು ಅಲ್ಲಿ ಕಂಡರೆ ಒಪ್ಪಿಗೆ ಕೇಳುವ ಆ ಪಟ್ಟಿ ಬರಿಯ ತೋರಿಕೆ ಎಂದರ್ಥ. ಜನ ಒತ್ತುವ ಮೊದಲೇ ಕೆಲಸ ಆಗಿಹೋಗಿದೆ.

ಆಮೇಲೆ, ಬೇಡವಾದದ್ದನ್ನು ಕಿತ್ತುಹಾಕಿ. ನಾನು ನೋಡಿರುವ ಮಟ್ಟಿಗೆ ನಮ್ಮ ಕಡೆಯ ಸಣ್ಣ ಕಾರ್ಖಾನೆಗಳ ಸೈಟಿಗೆ ಹೀಗೆ ಜನರನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳಿಂದ ಉಪಯೋಗವೇ ಇಲ್ಲ. ಫೇಸ್‌ಬುಕ್ ಜಾಹೀರಾತು ಕೊಡದವರ ಸೈಟಿನಲ್ಲೂ ಅದರ ಪಿಕ್ಸೆಲ್ ಇರುತ್ತದೆ, ಯಾಕೆಂದರೆ ಸಿದ್ಧ ವಿನ್ಯಾಸದ ಜೊತೆ ಅದೂ ಬಂದಿರುತ್ತದೆ. ಅನಲಿಟಿಕ್ಸಿನ ವರದಿಯನ್ನು ತೆರೆದು ನೋಡುವ ಮಾಲೀಕರು ಅಪರೂಪ. ಎಷ್ಟು ಜನ ಬಂದರು ಎಂದಷ್ಟೇ ತಿಳಿಯಬೇಕಿದ್ದರೆ ಸರ್ವರಿನ ಲಾಗ್ ಸಾಕು, ಅಥವಾ ಕುಕೀ ಇಲ್ಲದೆ ಎಣಿಸುವಂತೆ ಹೊಂದಿಸಬಹುದಾದ ಮಟೊಮೊದಂಥ ತಂತ್ರಾಂಶ ಸಾಕು. ನಕ್ಷೆಯ ಬದಲು ಒಂದು ಚಿತ್ರ, ಅದರ ಕೆಳಗೆ ನಕ್ಷೆಗೆ ಹೋಗುವ ಕೊಂಡಿ. ಲಕಮನಹಳ್ಳಿ ಬಿಆರ್‌ಟಿಎಸ್ ನಿಲ್ದಾಣದಿಂದ ನಿಮ್ಮ ಗೇಟಿಗೆ ಹೇಗೆ ಬರಬೇಕು ಎಂದು ಎರಡು ಸಾಲು ಬರೆದರೆ ನಕ್ಷೆಗಿಂತ ಹೆಚ್ಚು ಉಪಕಾರ. ವಿಡಿಯೋ ಬೇಕೇ ಬೇಕೆಂದರೆ ಯೂಟ್ಯೂಬ್‌ನಲ್ಲೇ ಖಾಸಗಿತನ ಕಾಯುವ ಬಗೆಯೊಂದಿದೆ, ಸೈಟ್ ಮಾಡಿದವರಿಗೆ ಹೇಳಿದರೆ ಹಾಕಿಕೊಡುತ್ತಾರೆ. ಉದ್ಯೋಗದ ಪುಟದಲ್ಲಿ ಮಾತ್ರ ಹೊರಗಿನವರ ಯಾವುದೂ ಬೇಡ.

ಇಷ್ಟೆಲ್ಲ ತೆಗೆದ ಮೇಲೂ ಏನಾದರೂ ಉಳಿದರೆ ಅದಕ್ಕೆ ಕನ್ನಡದಲ್ಲಿ ಕೇಳಿ. ವಕೀಲರ ಕನ್ನಡದಲ್ಲಲ್ಲ, ಯಂತ್ರ ಅನುವಾದಿಸಿದ ಕನ್ನಡದಲ್ಲೂ ಅಲ್ಲ. ಒಂದು ಮಾದರಿ ಬರೆದು ಕೊಡುತ್ತೇನೆ, ಬೇಕಾದವರು ತಿದ್ದಿ ಬಳಸಬಹುದು:

"ನಮಸ್ಕಾರ. ಈ ಸೈಟ್ ಸರಿಯಾಗಿ ನಡೆಯಲು ಬೇಕಾದ ಒಂದು ಕುಕೀಯನ್ನು ನಿಮ್ಮ ಮೊಬೈಲಿನಲ್ಲಿ ಇಡುತ್ತೇವೆ, ಬ್ರೌಸರ್ ಮುಚ್ಚಿದಾಗ ಅದು ಅಳಿಯುತ್ತದೆ. ಇದಲ್ಲದೆ, ಯಾವ ಪುಟವನ್ನು ಜನ ಹೆಚ್ಚು ನೋಡುತ್ತಾರೆ ಎಂದು ತಿಳಿಯಲು ಇನ್ನೊಂದು ಕುಕೀ ಇಡಬೇಕೆಂದಿದ್ದೇವೆ. ಅದು 30 ದಿನ ಇರುತ್ತದೆ. ಆ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ. ನೀವು ಬೇಡ ಎಂದರೂ ಸೈಟಿನ ಎಲ್ಲ ಪುಟಗಳೂ ತೆರೆಯುತ್ತವೆ. ಒಪ್ಪಿದ ಮೇಲೆ ಮನಸ್ಸು ಬದಲಾದರೆ ಪುಟದ ಕೆಳಗಿನ 'ನನ್ನ ಒಪ್ಪಿಗೆ' ಎಂಬಲ್ಲಿ ಒತ್ತಿ ವಾಪಸ್ ಪಡೆಯಬಹುದು. ಪ್ರಶ್ನೆ, ದೂರು ಇದ್ದರೆ ನಮ್ಮ ಕಚೇರಿಯ ಈ ನಂಬರಿಗೆ ಕರೆ ಮಾಡಿ. ನಮ್ಮ ಉತ್ತರ ಸಮಾಧಾನ ತರದಿದ್ದರೆ ಮಾಹಿತಿ ಸಂರಕ್ಷಣಾ ಮಂಡಳಿಗೆ ದೂರು ಕೊಡುವ ಹಕ್ಕು ನಿಮಗಿದೆ."

ಇದರ ಕೆಳಗೆ "ಆಗಲಿ", "ಬೇಡ" ಎಂಬ ಎರಡು ಗುಂಡಿಗಳು. ಒಂದೇ ಅಳತೆ, ಒಂದೇ ಬಣ್ಣ, ಅಕ್ಕಪಕ್ಕ. ಬರೆದದ್ದಕ್ಕೆ ತಕ್ಕಂತೆ ಸೈಟ್ ನಡೆಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 30 ದಿನ ಎಂದು ಬರೆದು ಒಳಗೆ 2 ವರ್ಷ ಇಟ್ಟರೆ ಸೂಚನೆಯೇ ಸುಳ್ಳಾಗುತ್ತದೆ. ಕನ್ನಡವನ್ನು ಯುನಿಕೋಡಿನಲ್ಲೇ ಹಾಕಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅಕ್ಷರಗಳನ್ನು ಚಿತ್ರ ಮಾಡಿ ಹಾಕಿದರೆ ಕಣ್ಣು ಕಾಣದವರ ಮೊಬೈಲು ಅದನ್ನು ಓದಿ ಹೇಳಲಾರದು. ಬರೆದಾದ ಮೇಲೆ ನಿಮ್ಮ ಸ್ಟೋರ್ ಕೀಪರನ್ನೋ ಹೊಸದಾಗಿ ಸೇರಿದ ಅಪ್ರೆಂಟಿಸನ್ನೋ ಕರೆದು ಓದಿಸಿ. ಅವರಿಗೆ ಒಂದೇ ಓದಿಗೆ ತಿಳಿಯದಿದ್ದರೆ ಮತ್ತೆ ಬರೆಸಿ.

ಖರ್ಚಿನ ಬಗ್ಗೆ ನೀವು ಕೇಳುತ್ತೀರಿ. ಕಿತ್ತುಹಾಕುವ ಕೆಲಸ ದೊಡ್ಡದಲ್ಲ, ಸಾಮಾನ್ಯ ಸೈಟಿಗೆ ಒಂದೆರಡು ದಿನದ್ದು. ಹೊರಗಿನವರ ಕೋಡ್ ಕಡಿಮೆಯಾದರೆ ಪುಟ ಬೇಗ ತೆರೆಯುತ್ತದೆ, ಬಂದವರ ಡೇಟಾ ಪ್ಯಾಕೂ ಉಳಿಯುತ್ತದೆ. ಜಾಹೀರಾತು ಕೊಡಲೇಬೇಕಾದ ವ್ಯಾಪಾರ ನಿಮ್ಮದಾಗಿದ್ದರೆ ಕೊಡಿ, ಅದನ್ನು ನಾನು ತಡೆಯುತ್ತಿಲ್ಲ. ಒಪ್ಪಿದವರನ್ನು ಮಾತ್ರ ಎಣಿಸಿ, ಬೇಡ ಎಂದವರನ್ನು ಅವರ ಪಾಡಿಗೆ ಬಿಡಿ. ಎಲ್ಲರೂ ಹೀಗೇ ಮಾಡುತ್ತಾರಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಎಲ್ಲರೂ ಮಾಡುತ್ತಿದ್ದರೂ 2027ರ ಮೇ ತಿಂಗಳಿನ ನಂತರ ಮಂಡಳಿಯ ಮುಂದೆ ನಿಮ್ಮ ಸೈಟಿಗೆ ನೀವೇ ಉತ್ತರ ಹೇಳಬೇಕು.

ನೀವೆಲ್ಲ ಆಗಾಗ ಒಂದೆಡೆ ಸೇರುತ್ತೀರಿ. ವಿದ್ಯುತ್ತು, ರಸ್ತೆ, ನೀರು, ತೆರಿಗೆಯ ಮಾತುಗಳ ಜೊತೆ ಮುಂದಿನ ಸಭೆಯಲ್ಲಿ ಇದನ್ನೂ ಅರ್ಧ ಗಂಟೆ ಇಟ್ಟುಕೊಳ್ಳಿ. ಸೂಚನೆಯ ಕನ್ನಡ ಪಠ್ಯವನ್ನು ಒಬ್ಬೊಬ್ಬರೂ ಬೇರೆ ಬೇರೆ ಬರೆಸುವ ಬದಲು ಎಲ್ಲರೂ ಸೇರಿ ಒಂದನ್ನು ಚೆನ್ನಾಗಿ ಬರೆಸಿ, ಧಾರವಾಡದಲ್ಲಿ ಅದನ್ನು ತಿದ್ದಿಕೊಡಬಲ್ಲ ಕನ್ನಡ ಮೇಷ್ಟ್ರುಗಳಿಗೆ ಬರವಿಲ್ಲ. ಸೈಟ್ ತೆರೆದು ಕುಕೀಗಳ ಪಟ್ಟಿ ನೋಡುವುದು ಹೇಗೆ ಎಂದು ತೋರಿಸಲು ಕರೆದರೆ ಬರುತ್ತೇನೆ, ಅದಕ್ಕೆ ದುಡ್ಡು ಬೇಡ. ಬರುವಾಗ ನಿಮ್ಮ ಉದ್ಯೋಗದ ಪುಟಗಳನ್ನೇ ಮೊದಲು ತೆರೆಯೋಣ.

ಇಂತಿ ನಿಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ವೆಬ್‌ಸೈಟ್ ಕೆಲಸಗಾರ